ಲೇಟೆಕ್‌ನಲ್ಲಿ ಕನ್ನಡ ಪುಸ್ತಕ: ನನ್ನ ಅನುಭವ

ಲೇಟೆಕ್ ಅಂದರೆ ಆದೇಶ ಬೆರೆಸಿ ಬರೆದ ಪಠ್ಯದಿಂದ ಪುಟ ಕಟ್ಟುವ ತಂತ್ರಾಂಶ. "ಅದು ಗಣಿತದವರ ಸಾಮಾನು, ಕನ್ನಡ ಪುಸ್ತಕಕ್ಕೆ ಆಗಲ್ಲ" ಅಂತ ನನಗೆ ಹೇಳದ ಡಿಟಿಪಿಯವರೇ ಇಲ್ಲ. ಈಗ ಹಳಗನ್ನಡ ಕಾವ್ಯದ ಮೇಲಿನ ಪುಸ್ತಕವೊಂದನ್ನು ಪೂರ್ತಿ ಯೂನಿಕೋಡ್ ಅಕ್ಷರ ಬಲ್ಲ ಅದರ ರೂಪವಾದ ಝೀಲೇಟೆಕ್‌ನಲ್ಲೇ ಮಾಡಿ ಅಚ್ಚು ಹಾಕಿಸಿದ್ದೇನೆ. ಡೆಮಿ ಒಂದನೇ ಎಂಟು ಅಳತೆ, 340 ಪುಟದ ಆಸುಪಾಸು, ಅಡಿಟಿಪ್ಪಣಿಗಳೇ 600 ಇರಬೇಕು. ಪುಟ ಇಷ್ಟು ಹದವಾಗಿ ಬಂದ ಕನ್ನಡ ಪುಸ್ತಕ ಇತ್ತೀಚೆಗೆ ನಾನಂತೂ ನೋಡಿಲ್ಲ.

ಫಾಂಟ್‌ಸ್ಪೆಕ್, ಪಾಲಿಗ್ಲಾಸಿಯಾ (ಫಾಂಟ್, ಭಾಷೆ ಹೊಂದಿಸುವ ಪ್ಯಾಕೇಜುಗಳು) ಎಲ್ಲ ನಿಮಗೆ ಗೊತ್ತೇ ಇದೆ, ಬಿಡಿ. ನನ್ನನ್ನು ಜಾಸ್ತಿ ಕಾಡಿದ್ದು ಸಾಲಂತರ. ಅಕ್ಷರ 11 ಪಾಯಿಂಟ್, ಸಾಲು 16. ಮೊದಲ ಪ್ರೂಫ್‌ನಲ್ಲಿ ಕೆಲವು ಪುಟ ಚೆನ್ನಾಗಿತ್ತು, ಕೆಲವು ಪುಟದಲ್ಲಿ ಮಧ್ಯೆ ಮಧ್ಯೆ ಸಾಲುಗಳು ದೂರ ಸರಿದಿದ್ದವು. ಫಾಂಟ್ ಬದಲಿಸಿದೆ. ನೋಟೋ ಸೆರಿಫ್, ಗುಬ್ಬಿ, ಲೋಹಿತ್, ಎಲ್ಲದರಲ್ಲೂ ಅದೇ ಕಥೆ. ಕೊನೆಗೆ ಗಮನಿಸಿದರೆ 'ರಾಷ್ಟ್ರ', 'ಸ್ತ್ರೀ' ಇದ್ದ ಸಾಲಿನ ಕೆಳಗೇ ಈ ಅಂತರ. ಎರಡು ಒತ್ತು ಕೆಳಗಿಳಿಯುತ್ತವೆ, ಅದರ ಕೆಳಗಿನ ಸಾಲಿನಲ್ಲಿ 'ಕೀ', 'ಥಿ' ತಲೆ ಎತ್ತಿರುತ್ತವೆ. ಎರಡೂ ತಾಗುತ್ತವೆ ಅಂತ ಟೆಕ್ (ಲೇಟೆಕ್ ಒಳಗಿನ ಎಂಜಿನ್) ತಾನೇ ಸಾಲನ್ನು ಕೆಳಗೆ ತಳ್ಳುತ್ತದೆ. ಲೈನ್‌ಸ್ಕಿಪ್‌ಲಿಮಿಟ್ ಅನ್ನು, ಅಂದರೆ ಸಾಲುಗಳು ಎಷ್ಟು ಹತ್ತಿರ ಬಂದರೆ ತಳ್ಳಬೇಕು ಅನ್ನುವ ಮಿತಿಯನ್ನು, ದೊಡ್ಡ ಮೈನಸ್ ಅಳತೆಗೆ ಇಟ್ಟೆ. ತಳ್ಳುವುದು ನಿಂತಿತು. ಆಮೇಲೆ ಸಾಲು 16.5 ಮಾಡಿದೆ, ಒತ್ತುಗಳಿಗೂ ಜಾಗ ಸಿಕ್ಕಿತು.

ಇನ್ನೊಂದು ಪದ ಒಡೆಯುವುದು. ನಮ್ಮ ಪದಗಳು ಉದ್ದ, ಒಡೆಯದಿದ್ದರೆ ಸಾಲಿನ ತುಂಬಾ ಕಿಂಡಿ. ಒಡೆದರೆ 'ಲ್ಲಿ' ಒಂದೇ ಮುಂದಿನ ಸಾಲಿಗೆ ಹೋಗಿ ಕೂರುತ್ತದೆ. ರೈಟ್‌ಹೈಫನ್‌ಮಿನ್ (ಮುಂದಿನ ಸಾಲಿಗೆ ಹೋಗುವ ತುಂಡು ಕನಿಷ್ಠ ಎಷ್ಟಿರಬೇಕು ಅನ್ನುವ ಸಂಖ್ಯೆ) 3 ಇದ್ದರೆ ಸಾಕಲ್ವಾ ಅನ್ನಿಸುತ್ತದೆ. ಸಾಲದು. ಟೆಕ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ಅಕ್ಷರಗಳನ್ನಲ್ಲ. 'ಲ್ಲಿ' ಅಂದರೆ ಲ, ವಿರಾಮ, ಲ, ಗುಡಿಸು: ನಾಲ್ಕು! 5 ಇಟ್ಟೆ, ಪುಟದ ಬಲಗಡೆ ತಕ್ಷಣ ತಿಳಿಯಾಯಿತು. ಎಮರ್ಜೆನ್ಸಿ‌ಸ್ಟ್ರೆಚ್ (ಪದಗಳ ನಡುವಿನ ಜಾಗ ಹಿಗ್ಗಲು ಬಿಡುವ ಹೆಚ್ಚುವರಿ ಅಳತೆ) ಎಷ್ಟಿಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಲೇಖಕರು ಕೊಟ್ಟಿದ್ದು ನುಡಿ ತಂತ್ರಾಂಶದ ಹಳೆ ಆಸ್ಕಿ (ಯೂನಿಕೋಡ್ ಅಲ್ಲದ) ಫೈಲ್. ಪರಿವರ್ತನೆಯಲ್ಲಿ ಅರ್ಕಾವತ್ತು ಚೆಲ್ಲಾಪಿಲ್ಲಿ. ಅದರ ಮೇಲೆ ಯಾರೋ ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನೇ ಒತ್ತಿದ್ದರು, 'ಸೂಯ೯' ಅಂತ. ಅದನ್ನು ಸರಿ ಮಾಡುವ ಸ್ಕ್ರಿಪ್ಟ್ ಬರೆದುಕೊಂಡೆ. ಅದರಿಂದಲೇ ನಾಲ್ಕು ಕಾಸು ಬರುತ್ತಿದೆ, ಹಾಗಾಗಿ ಹಂಚುವುದಿಲ್ಲ.

ದುಡ್ಡಿನ ವಿಷಯ. ಹೊರಗೆ ಕೊಟ್ಟಿದ್ದರೆ ಪುಟಕ್ಕೆ 30 ರೂಪಾಯಿಯಂತೆ ಹತ್ತು ಸಾವಿರ, ತಿದ್ದುಪಡಿಗೆ ಮತ್ತೆ ನಾಲ್ಕೈದು ಸಾವಿರ ಆಗುತ್ತಿತ್ತು. ಡಿಟಿಪಿಯವರು ಬಳಸುವ ಪೇಜ್‌ಮೇಕರ್‌ನಲ್ಲಿ ಒಂದು ಪ್ಯಾರಾ ಸೇರಿದರೆ ಮುಂದಿನ ಟಿಪ್ಪಣಿಗಳನ್ನೆಲ್ಲ ಕೈಯಲ್ಲೇ ಸರಿಸಬೇಕು. ಇಲ್ಲಿ ಲೇಖಕರು ಕೊನೇ ವಾರದಲ್ಲಿ ಒಂದು ಅಧ್ಯಾಯವನ್ನೇ ಹಿಂದೆ ಮುಂದೆ ಮಾಡಿದರು. ಎರಡು ಸಲ ಕಂಪೈಲ್ ಮಾಡಿ ಪಿಡಿಎಫ್ ತೆಗೆದೆ, ಅಷ್ಟೇ. ನನಗೆ ಖರ್ಚಾಗಿದ್ದು ಪ್ರೂಫ್ ಪ್ರಿಂಟಿಗೆ ಸಾವಿರ ಚಿಲ್ಲರೆ. ಪ್ರೆಸ್ಸಿನವರು ಪಿಡಿಎಫ್ ಬೇಡ, ಪೇಜ್‌ಮೇಕರ್ ಫೈಲೇ ಬೇಕು ಅಂತ ಪಟ್ಟು ಹಿಡಿದಿದ್ದರು. ಫಾಂಟ್ ಪೂರ್ತಿ ಒಳಗೇ ಸೇರಿದ ಒಂದು ಫಾರಂ, ಅಂದರೆ 16 ಪುಟ, ಹಾಕಿಸಿ ತೋರಿಸಿದ ಮೇಲೆ ಒಪ್ಪಿದರು.

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಭಾಮಿನಿ ಷಟ್ಪದಿಗೆ ಲಘು ಗುರು ಗುರುತು ತಾನಾಗಿ ಬೀಳಬೇಕು. ಒಳಗೇ ಪ್ರೋಗ್ರಾಂ ಬರೆಯಲು ಬರುವ ಲುವಾಲೇಟೆಕ್‌ಗೆ ಹೋದೆ. ಅಲ್ಲಿ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ರೆಂಡರರ್ ಹಾಕಿದ ಮೇಲೆ ಒತ್ತುಗಳು ಸರಿಯಾಗಿ ಕೂತವು. 'ಕನ್ನಡ'ದಲ್ಲಿ ಒತ್ತಕ್ಷರದ ಹಿಂದಿನ 'ಕ' ಗುರು, ಉಳಿದೆರಡು ಲಘು, ಒಟ್ಟು ನಾಲ್ಕು ಮಾತ್ರೆ. ಇದು ಬಂತು. ಸಾಲಿಗೆ 14 ಮಾತ್ರೆಯೂ ಸರಿಯಾಗಿ ಎಣಿಸುತ್ತದೆ. 23 ಮಾತ್ರೆಯ ಮೂರನೇ, ಆರನೇ ಸಾಲಿನ ಕೊನೆಯ ಅಕ್ಷರ ಮಾತ್ರ ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಲಘು ಇದ್ದರೂ ಅದನ್ನು ಗುರು ಅಂತಲೇ ಎಣಿಸಬೇಕು.

ಪದಸೂಚಿ ಮಾಡುವವರು 'ಳ' ನೋಡಿಕೊಳ್ಳಿ. ಯೂನಿಕೋಡ್‌ನಲ್ಲಿ ಅದು 'ಲ' ಆದ ಕೂಡಲೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ 'ಹ' ಆದ ಮೇಲೆ. ಬಿಟ್ಟರೆ 'ಕಳಸ' ಹೋಗಿ 'ಕವನ'ಕ್ಕಿಂತ ಮೊದಲೇ ಕೂರುತ್ತದೆ. ಅಂಥ ಪದಗಳಿಗೆಲ್ಲ ಬೇರೆ ಸಾರ್ಟ್ ಕೀ (ಅಕಾರಾದಿ ಜೋಡಿಸುವಾಗ ನೋಡುವ ರೂಪ) ಕೊಡಿ.