ಐತಿಹಾಸಿಕ ಸರಣಿ ನೋಡಿ ಅಭಿಪ್ರಾಯ ಬರೆಯುವ ಬಗೆ

ಐತಿಹಾಸಿಕ ಸರಣಿಯೊಂದು ಬಿಡುಗಡೆಯಾದ ವಾರದಲ್ಲೇ ಎರಡು ಬಗೆಯ ಬರಹಗಳು ಹರಿದಾಡತೊಡಗುತ್ತವೆ. ಒಂದು, "ಅದ್ಭುತ, ತಪ್ಪದೆ ನೋಡಿ". ಇನ್ನೊಂದು, "ಇತಿಹಾಸ ತಿರುಚಿದ್ದಾರೆ, ನೋಡಬೇಡಿ". ಎರಡನ್ನೂ ಓದಿದವರಿಗೆ ಸರಣಿಯ ಬಗ್ಗೆ ಹೊಸದೇನೂ ಗೊತ್ತಾಗಿರುವುದಿಲ್ಲ. ವರ್ಷಗಟ್ಟಲೆ ನಡೆದದ್ದನ್ನು ಐದಾರು ಗಂಟೆಯಲ್ಲಿ ಹೇಳಲು ಹೊರಟವರು ಬಿಡುತ್ತಾರೆ, ಸೇರಿಸುತ್ತಾರೆ, ಹಿಂದುಮುಂದು ಮಾಡುತ್ತಾರೆ. ಹಾಗೆ ಮಾಡದೆ ಸರಣಿ ತೆಗೆಯಲು ಬರುವುದಿಲ್ಲ. ಆದ್ದರಿಂದ ಬದಲಿಸಿದ್ದಾರೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಏನನ್ನು ಬದಲಿಸಿದರು, ಅದರಿಂದ ಕಥೆಗೆ ಏನು ದಕ್ಕಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳಿಕೊಂಡರೆ ಬರೆಯಲು ವಿಷಯ ತಾನಾಗಿ ಸಿಗುತ್ತದೆ.

ನೋಡುವಾಗ

ಮೊದಲ ಸಲ ಏನನ್ನೂ ಬರೆದುಕೊಳ್ಳದೆ ನೋಡಿ. ಎಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಬೇಸರವಾಗಿ ಫೋನ್ ಕೈಗೆತ್ತಿಕೊಂಡಿರಿ ಎಂಬುದು ಮೊದಲ ನೋಟದಲ್ಲಷ್ಟೇ ತಿಳಿಯುತ್ತದೆ. ಕಂತು ಮುಗಿದ ಮೇಲೆ ಮೂರ್ನಾಲ್ಕು ಸಾಲು ಗೀಚಿಟ್ಟರೆ ಸಾಕು. ಎರಡನೇ ಸಲ ನೋಟ್‌ಬುಕ್ ಹಿಡಿದು ಕೂರಿ. ಕಂತಿನ ಸಂಖ್ಯೆ, ನಿಮಿಷ, ಕಂಡದ್ದು ಅಥವಾ ಕೇಳಿದ್ದು, ಅದರ ಬಗ್ಗೆ ಬಂದ ಅನುಮಾನ, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ನಿಮಿಷ ಬರೆದಿಟ್ಟಿರದಿದ್ದರೆ ಬರೆಯುವ ಹೊತ್ತಿಗೆ ಆ ಮಾತು ಯಾರ ಬಾಯಲ್ಲಿ ಬಂತೆಂಬುದೇ ಮರೆತಿರುತ್ತದೆ, ನೆನಪಿನಿಂದ ಉದ್ಧರಿಸಿದ ಸಂಭಾಷಣೆ ಹತ್ತರಲ್ಲಿ ಒಂಬತ್ತು ಸಲ ಸ್ವಲ್ಪವಾದರೂ ತಪ್ಪಾಗಿರುತ್ತದೆ. ಎಲ್ಲ ಕಂತನ್ನೂ ಎರಡೆರಡು ಸಲ ನೋಡಲು ಪುರುಸೊತ್ತಿಲ್ಲದಿದ್ದರೆ ಮೊದಲ ಕಂತು, ಕೊನೆಯ ಕಂತು, ನಿಮ್ಮ ತಕರಾರು ಹೆಚ್ಚಾಗಿರುವ ಒಂದು ಕಂತು, ಈ ಮೂರನ್ನಾದರೂ ಮತ್ತೆ ನೋಡಿ.

ಮುಂದಿನ ಕಂತು ತಾನಾಗಿ ಶುರುವಾಗುವ ಆಟೊಪ್ಲೇ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿ. ಶುರುವಿನ ಸೂಚನೆ, ಕೊನೆಯ ಬರಹ ಎರಡೂ ನಿಮ್ಮ ಕೆಲಸಕ್ಕೆ ಮುಖ್ಯ. 1990ರಲ್ಲಿ ದೂರದರ್ಶನದಲ್ಲಿ ಬಂದ ಟಿಪ್ಪು ಸುಲ್ತಾನನ ಧಾರಾವಾಹಿ ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ್ದು. ಇದು ಕಲ್ಪಿತ ಕಥೆ ಎಂಬ ಸೂಚನೆಯೊಡನೆಯೇ ಅದು ಪ್ರಸಾರವಾಯಿತು. ಆ ಫಲಕ ನೋಡದೆ ಅದನ್ನು ದಾಖಲೆಯೆಂದು ಹೊಗಳಿದರೂ ಹಳಿದರೂ ವಾದಕ್ಕೆ ಬುಡವೇ ಇರುವುದಿಲ್ಲ. ಸರಣಿಗೆ ಆಧಾರ ಕಾದಂಬರಿಯೋ, ಜೀವನಚರಿತ್ರೆಯೋ, ಬರಿಯ ಸಂಶೋಧನೆಯೋ ಎಂಬುದನ್ನು ಬರಹದ ಮೊದಲ ಎರಡು ಪ್ಯಾರಾದೊಳಗೆ ಓದುಗರಿಗೆ ಹೇಳಿಬಿಡಿ.

ದಿನವಹಿ ಧಾರಾವಾಹಿಗೆ ಈ ಅಳತೆ ಒಗ್ಗುವುದಿಲ್ಲ. ಹಿಂದಿಯಿಂದ ಡಬ್ ಆಗಿ 2020ರಲ್ಲಿ ಜೀ ಕನ್ನಡಕ್ಕೆ ಬಂದ ಅಂಬೇಡ್ಕರ್ ಅವರ 'ಮಹಾನಾಯಕ'ದಂಥದ್ದು ನೂರಾರು ಕಂತು ಓಡುತ್ತದೆ. ಅಲ್ಲಿ ಒಂದು ಪ್ರಸಂಗ ಶುರುವಾಗಿ ಮುಗಿಯುವವರೆಗಿನ ಕಂತುಗಳನ್ನಷ್ಟೇ ಒಂದು ಘಟಕವಾಗಿ ಹಿಡಿಯಿರಿ, ಯಾವ ಕಂತಿನಿಂದ ಯಾವ ಕಂತಿನವರೆಗೆ ನೋಡಿ ಬರೆದದ್ದು ಎಂದು ನಮೂದಿಸಿ. ಒಂದೇ ಮುಖವನ್ನು ಮೂರು ಕೋನದಿಂದ ತೋರಿಸುವುದು, ನಿನ್ನೆಯ ದೃಶ್ಯ ಮತ್ತೆ ಬರುವುದು ಆ ಪ್ರಕಾರದ ರೂಢಿ. ಅದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಿ.

ಬದಲಾವಣೆಯನ್ನು ತೂಗುವುದು: ಚೆರ್ನೋಬಿಲ್ ಉದಾಹರಣೆ

2019ರಲ್ಲಿ ಎಚ್‌ಬಿಒ ಐದು ಕಂತುಗಳಲ್ಲಿ ತಂದ 'ಚೆರ್ನೋಬಿಲ್' ಈ ಅಭ್ಯಾಸಕ್ಕೆ ಹೇಳಿಮಾಡಿಸಿದಂತಿದೆ. 1986ರ ಏಪ್ರಿಲ್ 26ರ ನಡುರಾತ್ರಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದಲ್ಲಿ ನಡೆದ ದುರಂತ, ಅದರ ವಿಚಾರಣೆ, ಎಲ್ಲಕ್ಕೂ ದಾಖಲೆಗಳಿವೆ. ಬರೆದ ಕ್ರೇಗ್ ಮೇಝಿನ್ ತಾವು ಏನೇನು ಬದಲಿಸಿದೆವೆಂದು ಪ್ರತಿ ಕಂತಿನ ಜೊತೆಗೆ ಬಂದ ಪಾಡ್‌ಕಾಸ್ಟಿನಲ್ಲಿ ಬಿಚ್ಚಿ ಹೇಳಿದ್ದಾರೆ. ಅದರ ನಾಲ್ಕು ಬದಲಾವಣೆಗಳನ್ನು ತೂಗಿ ನೋಡೋಣ.

ವಿಜ್ಞಾನಿ ಉಲಾನಾ ಖೊಮ್ಯುಕ್ ಎಂಬ ಹೆಂಗಸು ನಿಜವಾಗಿ ಇರಲಿಲ್ಲ. ತನಿಖೆಯಲ್ಲಿ ದುಡಿದ ಹಲವಾರು ವಿಜ್ಞಾನಿಗಳನ್ನು ಸೇರಿಸಿ ಕಟ್ಟಿದ ಪಾತ್ರ ಅದು, ಕೊನೆಯ ಕಂತಿನ ಮುಕ್ತಾಯದ ಬರಹದಲ್ಲಿ ಹಾಗೆಂದು ಹೇಳಿಯೂ ಇದ್ದಾರೆ. ದಕ್ಕಿದ್ದು, ನೋಡುಗರು ನೆನಪಿಟ್ಟುಕೊಳ್ಳಬಲ್ಲ ಒಂದು ಮುಖ. ಕಳೆದದ್ದು, ವಿಜ್ಞಾನ ಗುಂಪಿನ ಕೆಲಸ ಎಂಬ ತಿಳಿವಳಿಕೆ. ಬಚ್ಚಿಡದೆ ಹೇಳಿರುವುದರಿಂದ ಬೆಲೆ ಕಡಿಮೆ.

ಕೊನೆಯ ಕಂತಿನ ನ್ಯಾಯಾಲಯದಲ್ಲಿ ವಿಜ್ಞಾನಿ ವಲೇರಿ ಲೆಗಾಸೊವ್ ಕೆಂಪು, ನೀಲಿ ಫಲಕಗಳನ್ನು ಜೋಡಿಸುತ್ತ ರಿಯಾಕ್ಟರ್ ಯಾಕೆ ಸಿಡಿಯಿತೆಂದು ವಿವರಿಸುವ ದೃಶ್ಯವಿದೆ. 1987ರ ಆ ವಿಚಾರಣೆಗೆ ಲೆಗಾಸೊವ್ ಹೋಗಿಯೇ ಇರಲಿಲ್ಲ. ಆದರೂ ತುರ್ತಾಗಿ ನಿಲ್ಲಿಸಲು ಇಳಿಬಿಟ್ಟ ನಿಯಂತ್ರಣ ಸರಳುಗಳ ಗ್ರಾಫೈಟ್ ತುದಿಯೇ ಕ್ರಿಯೆಯನ್ನು ಒಂದು ಕ್ಷಣ ಏರಿಸಿಬಿಟ್ಟಿತೆಂಬ ಕಠಿಣ ಸಂಗತಿ ಭೌತಶಾಸ್ತ್ರ ಓದದವರಿಗೂ ತಿಳಿಯುವುದು ಆ ದೃಶ್ಯದಿಂದಲೇ. ಗಳಿಕೆ ದೊಡ್ಡದು. ನಷ್ಟವೂ ಇದೆ: 1986ರ ಆಗಸ್ಟ್‌ನಲ್ಲಿ ವಿಯೆನ್ನಾದಲ್ಲಿ ದೋಷವನ್ನು ಹೆಚ್ಚಾಗಿ ಸಿಬ್ಬಂದಿಯ ಮೇಲೆ ಹೊರಿಸಿದ ವರದಿ ಮಂಡಿಸಿದ ಇದೇ ಲೆಗಾಸೊವ್ ತೆರೆಯ ಮೇಲೆ ತುಂಬಿದ ಸಭೆಯಲ್ಲಿ ಸತ್ಯ ನುಡಿಯುವ ನಾಯಕನಾಗುತ್ತಾನೆ. ಎರಡನ್ನೂ ಬರೆಯಿರಿ.

ಮೊದಲ ದಿನಗಳಲ್ಲೇ ಹೆಲಿಕಾಪ್ಟರ್ ಒಂದು ಹೊಗೆಯ ಹತ್ತಿರ ಹೋಗಿ ಉರುಳುತ್ತದೆ. ನಿಜವಾದ ಅಪಘಾತ ಆದದ್ದು 1986ರ ಅಕ್ಟೋಬರ್ 2ರಂದು, ರೆಕ್ಕೆ ಕ್ರೇನಿನ ಕೇಬಲ್‌ಗೆ ತಗುಲಿ. ದಿನಾಂಕ ಹಿಂದಕ್ಕೆ ತಂದದ್ದು ಅಷ್ಟು ದೊಡ್ಡ ಸಂಗತಿಯಲ್ಲ. ವಿಕಿರಣವೇ ಅದನ್ನು ಕೆಡವಿತು ಎಂದು ನೋಡುಗರು ತಿಳಿದು ಏಳುತ್ತಾರಲ್ಲ, ತಕರಾರು ಅದರ ಬಗ್ಗೆ.

ಎಲ್ಲಕ್ಕಿಂತ ಭಾರದ್ದು, ವಿಕಿರಣ ತಗುಲಿದ ಅಗ್ನಿಶಾಮಕ ಗಂಡನ ಪಕ್ಕದಲ್ಲೇ ಇದ್ದ ಲುದ್ಮಿಲಾಳ ಮಗುವಿನ ಪ್ರಸಂಗ. ತಾಯಿಗೆ ತಗುಲಬೇಕಿದ್ದ ವಿಕಿರಣವನ್ನು ಹೊಟ್ಟೆಯಲ್ಲಿದ್ದ ಮಗು ಹೀರಿಕೊಂಡಿತು ಎಂಬ ಮಾತನ್ನು ಸರಣಿ ವಿಜ್ಞಾನಿಯ ಬಾಯಲ್ಲೇ ಹೇಳಿಸುತ್ತದೆ. ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಮೈ ತೊಳೆದು ಬಟ್ಟೆ ಬದಲಿಸಿದ ರೋಗಿಯಿಂದ ಪಕ್ಕದಲ್ಲಿದ್ದವರಿಗೆ ಅಂಥ ಅಪಾಯ ತಟ್ಟುವುದಿಲ್ಲ. ಕಥೆಗೆ ಕಣ್ಣೀರು ದಕ್ಕಿತು, ಆದರೆ ಬೆಲೆ ತೆತ್ತವರು ಬದುಕುಳಿದವರು: ಅವರನ್ನು ಮುಟ್ಟಿದರೆ ರೋಗ ಬರುತ್ತದೆಂಬ ಹಳೆಯ ಭಯಕ್ಕೆ ಇಂಥ ದೃಶ್ಯ ಬಲ ಕೊಡುತ್ತದೆ. ನಿಮ್ಮ ಬರಹದಲ್ಲಿ ಹೆಚ್ಚು ಜಾಗ ಕೊಡಬೇಕಾದದ್ದು ಇಂಥದಕ್ಕೆ. ಗೋಡೆಯ ಗಡಿಯಾರ, ಸೂಟಿನ ಹೊಲಿಗೆ ಆಮೇಲೆ ಬರಲಿ.

ಸರಿಯಾದದ್ದನ್ನೂ ಹೆಸರು ಹಿಡಿದು ಹೇಳಿ. ಮೊದಲ ಗಂಟೆಗಳಲ್ಲಿ ಎಲ್ಲರೂ ವಿಕಿರಣ ಗಂಟೆಗೆ 3.6 ರಾಂಟ್ಜೆನ್ (ವಿಕಿರಣದ ಅಳತೆ) ಅಷ್ಟೇ ಎಂದು ನಿರಾಳವಾಗಿದ್ದದ್ದು, ಕೈಗೆ ಸಿಕ್ಕ ಮಾಪಕದ ಗರಿಷ್ಠ ಮಿತಿಯೇ ಅಷ್ಟು ಎಂಬುದು ನಿಜ ಸಂಗತಿ. ಸ್ಥಾವರದ ನೆಲಮಾಳಿಗೆಯ ನೀರಿಗಿಳಿದ ಮೂವರು ಕೆಲಸಗಾರರೂ ಕೆಲವೇ ದಿನಗಳಲ್ಲಿ ಸತ್ತರೆಂಬ ದಂತಕಥೆಯನ್ನು ಸರಣಿ ಕೊನೆಯ ಬರಹದಲ್ಲಿ ತಾನೇ ತಿದ್ದುತ್ತದೆ.

ಪರಿಶೀಲನೆ ಎಷ್ಟು, ಎಲ್ಲಿ

ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಅನುಮಾನಗಳಿದ್ದರೆ ಮೂರನ್ನು ಆರಿಸಿಕೊಂಡು ಅವನ್ನೇ ಬುಡದವರೆಗೆ ಹುಡುಕಿ. ಇಪ್ಪತ್ತನ್ನೂ ಅರ್ಧಂಬರ್ಧ ನೋಡಿ ಬರೆದರೆ ಒಂದು ತಪ್ಪಿ, ಉಳಿದ ಹತ್ತೊಂಬತ್ತನ್ನು ಯಾರೂ ನಂಬುವುದಿಲ್ಲ. ಮೊದಲು ಆ ವ್ಯಕ್ತಿ ತಾನೇ ಬರೆದದ್ದು, ಆಮೇಲೆ ನ್ಯಾಯಾಲಯದ ಮತ್ತು ಸರ್ಕಾರದ ದಾಖಲೆ, ಆಮೇಲೆ ಆಧಾರ ಕೊಟ್ಟು ಬರೆದ ಜೀವನಚರಿತ್ರೆ, ಕೊನೆಗೆ ಅಂದಿನ ಪತ್ರಿಕೆ. ವಿಕಿಪೀಡಿಯವನ್ನು ಕೆಳಗಿನ ಆಧಾರಗಳ ಪಟ್ಟಿಗಾಗಿ ತೆರೆಯಿರಿ.

ಅಂಬೇಡ್ಕರ್ ಅವರ ಬಾಲ್ಯದ ಪ್ರಸಂಗವನ್ನೇ ತೆಗೆದುಕೊಳ್ಳಿ. 1901ರಲ್ಲಿ ಸಾತಾರಾದಿಂದ ಕೋರೆಗಾಂವಿನ ತಂದೆಯ ಬಳಿಗೆ ಹೊರಟ ಮಕ್ಕಳು ಮಸೂರು ನಿಲ್ದಾಣದಲ್ಲಿ ಇಳಿದದ್ದು, ಜಾತಿ ತಿಳಿದ ಮೇಲೆ ಗಾಡಿಯವರು ಹತ್ತಿಸಿಕೊಳ್ಳದೆ ಹೋದದ್ದು, ದುಪ್ಪಟ್ಟು ಬಾಡಿಗೆಗೆ ಒಪ್ಪಿದವನೂ ಗಾಡಿಯನ್ನು ನೀವೇ ಹೊಡೆಯಬೇಕೆಂದು ತಾನು ನಡೆದು ಬಂದದ್ದು, ಎಲ್ಲವನ್ನೂ ಅವರೇ ಬರೆದಿಟ್ಟಿದ್ದಾರೆ. ಕೆಲವೇ ಪುಟ. ಆ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು ದೃಶ್ಯ ನೋಡಿದರೆ, ಸೇರಿಸಿದ ಖಳನ ಅಬ್ಬರ ಎಷ್ಟು, ಕುಡಿಯಲು ನೀರೇ ಸಿಗದೆ ಕಳೆದ ಆ ರಾತ್ರಿ ಎಷ್ಟು ಉಳಿದಿದೆ ಎಂದು ಖಚಿತವಾಗಿ ಹೇಳಬಹುದು.

ಮುಚ್ಚಿದ ಬಾಗಿಲ ಹಿಂದಿನ ಮಾತುಗಳ ಕಥೆ ಬೇರೆ. ಬ್ರಿಟನ್ನಿನ ರಾಣಿ ಎಲಿಜಬೆತ್ ಅವರ ಕುರಿತ 'ದಿ ಕ್ರೌನ್'ನಲ್ಲಿ ರಾಣಿಯೂ ಪ್ರಧಾನಿಯೂ ಆಡುವ ಮಾತಿಗೆ ದಾಖಲೆಯೇ ಇಲ್ಲ. ಅದನ್ನು ಸುಳ್ಳೆನ್ನಬೇಡಿ, ಕಲ್ಪನೆ ಎನ್ನಿ. ಆ ಇಬ್ಬರ ಬಗ್ಗೆ ಹೊರಗೆ ತಿಳಿದಿರುವುದಕ್ಕೆ ಹೊಂದುತ್ತದೆಯೇ ನೋಡಿ. ಆದರೆ 1966ರಲ್ಲಿ ವೇಲ್ಸ್‌ನ ಅಬೆರ್‌ಫಾನ್ ಊರಿನ ಮೇಲೆ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಕುಸಿದ ದುರಂತದಲ್ಲಿ 116 ಮಕ್ಕಳು ಸೇರಿ 144 ಮಂದಿ ಸತ್ತದ್ದು, ರಾಣಿ ಅಲ್ಲಿಗೆ ಹೋದದ್ದು ಎಂಟು ದಿನದ ಮೇಲೆ ಎಂಬುದು ದಾಖಲೆ. ಒಂದೇ ಕಂತಿನಲ್ಲಿ ಎರಡೂ ಬೆರೆತಿರುತ್ತವೆ, ಬೇರ್ಪಡಿಸಿ ಕೊಡುವುದು ನಿಮ್ಮ ಕೆಲಸ.

ನಿಜ ವ್ಯಕ್ತಿಗಳ ನಡುವೆ ಕಲ್ಪಿತ ಪಾತ್ರ ನಿಂತಿದ್ದರೆ ಇನ್ನಷ್ಟು ಎಚ್ಚರ ಬೇಕು. 2022ರ 'ರಾಕೆಟ್ ಬಾಯ್ಸ್'ನಲ್ಲಿ ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಜೊತೆ ಇದ್ದದ್ದು ನಿಜ. ಭಾಭಾರ ಎದುರಾಳಿಯಾಗಿ ಬರುವ ಮೆಹದಿ ರಜಾ ಮಾತ್ರ ಕಲ್ಪಿತ. ಅವನಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ನೆರಳು ಕಂಡು ಆಕ್ಷೇಪಿಸಿದವರಿದ್ದಾರೆ. ಸಹಾ ಅವರು ಪರಮಾಣು ನೀತಿಯನ್ನು ಸಂಸತ್ತಿನಲ್ಲಿ ನೇರವಾಗಿ ಟೀಕಿಸಿದವರು, 1952ರಲ್ಲಿ ಪಕ್ಷೇತರರಾಗಿ ಗೆದ್ದವರು. ನಿಜವಾದ ಭಿನ್ನಾಭಿಪ್ರಾಯವನ್ನು ಕಲ್ಪಿತ ಹೆಸರಿನ, ಬೇರೆ ಧರ್ಮದ ಪಾತ್ರಕ್ಕೆ ಹಚ್ಚಿ ಅಸೂಯೆಯ ಬಣ್ಣ ಬಳಿದರೆ ಇಬ್ಬರಿಗೂ ಅನ್ಯಾಯ. ಹೀಗೆ ಕಂಡುಬಂದರೆ ಮೆತ್ತಗೆ ಸವರಿ ಬಿಡಬೇಡಿ, ಸ್ಪಷ್ಟವಾಗಿ ಬರೆಯಿರಿ.

ಅಡುಗೆಮನೆ, ನಾಣ್ಯ, ಮಾತು

ಕಾಲಕ್ಕೆ ಒಗ್ಗದ ವಸ್ತು ಹಿಡಿಯಲು ಕೆಲವು ದಿನಾಂಕಗಳು ಕೈಯಲ್ಲಿರಲಿ. ಒಣಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ನಮ್ಮ ನೆಲಕ್ಕೆ ಬಂದದ್ದು ಪೋರ್ಚುಗೀಸರು ಬಂದ ನಂತರ. ಹೊಯ್ಸಳರ ಅಡುಗೆಮನೆಯಲ್ಲಿ ಕೆಂಪು ಮೆಣಸಿನಕಾಯಿ ರಾಶಿ ಕಂಡರೆ ಧೈರ್ಯವಾಗಿ ತಪ್ಪೆನ್ನಿ, ಅಲ್ಲಿ ಖಾರಕ್ಕೆ ಇದ್ದದ್ದು ಕಾಳುಮೆಣಸು. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ. 1940ರ ಅಂಗಡಿಯಲ್ಲಿ ಇಪ್ಪತ್ತೈದು ಪೈಸೆ ಎಂದರೆ ಸರಿಯಾಗದು, ನಾಲ್ಕಾಣೆ ಎನ್ನಬೇಕು. ಪಿನ್ ಕೋಡ್ ಬಂದದ್ದು 1972ರಲ್ಲಿ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದದ್ದು 1973ರ ನವೆಂಬರ್ 1ರಂದು, ಅದಕ್ಕೆ ಮೊದಲಿನ ಕಚೇರಿಯ ಫಲಕದಲ್ಲಿ ಮೈಸೂರು ಇರಬೇಕು. ಇಂಥವು ಸಿಕ್ಕಿದರೆ ಎರಡು ಮೂರನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ. ಪಟ್ಟಿ ಬೆಳೆದಂತೆ ಬರಹ ಸೊರಗುತ್ತದೆ, ದೊಡ್ಡ ತಕರಾರು ಅದರಡಿ ಹೂತುಹೋಗುತ್ತದೆ.

ರಾಜರಾಣಿಯರಿಲ್ಲದ, ಊರೇ ಕಲ್ಪಿತವಾದ ಸರಣಿಯಲ್ಲಿ ಘಟನೆ ನಡೆಯಿತೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'ನಲ್ಲಿ ನೋಡಬೇಕಾದದ್ದು ಕಾಲದ ಹವೆ: ತೊಟ್ಟಿಮನೆಯ ಕಂಬ, ಸ್ವಾಮಿಯ ಚಡ್ಡಿ ಟೋಪಿ, ಅರಸಾಳಿನ ಪುಟ್ಟ ರೈಲು ನಿಲ್ದಾಣ. ಸೆಟ್ಟಿನ ಬದಲು ಜನ ಬಾಳಿದ ಮನೆಯಲ್ಲೇ ಚಿತ್ರಿಸಿದ್ದರಿಂದ ನಟರು ಹೊಸ್ತಿಲು ದಾಟುವುದರಲ್ಲೂ ಸಹಜತೆ ಬಂದಿದೆ. ಅದನ್ನು ಹಾಗೇ ವಿವರಿಸಿ. ದೃಶ್ಯವೈಭವ ಎಂಬ ಸವಕಲು ಪದ ಬೇಡ.

ಸಂಭಾಷಣೆಯನ್ನು ಅಳೆಯುವುದು ಒಂದೇ ಹದ ಕೊನೆತನಕ ಉಳಿಯಿತೇ ಎಂಬುದರಿಂದ. ಚೆರ್ನೋಬಿಲ್‌ನ ನಟರು ತಂತಮ್ಮ ಸಹಜ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ರಷ್ಯನ್ ಧಾಟಿ ನಟಿಸಲು ಹೋದರೆ ಹಾಸ್ಯವಾಗುತ್ತದೆಂದು ಬೇಕೆಂದೇ ಬಿಟ್ಟದ್ದು. ಕನ್ನಡದಲ್ಲಿ ಅರಮನೆಯವರೆಲ್ಲ ಗ್ರಾಂಥಿಕವಾಗಿ ಮಾತಾಡಿ ಕಾವಲುಗಾರ ಮಾತ್ರ ಇಂದಿನ ಬೆಂಗಳೂರಿನವನಂತೆ ಮಾತಾಡಿದರೆ, ಅಥವಾ ಕಿತ್ತೂರಿನವರ ಬಾಯಲ್ಲಿ ಹಳೇ ಮೈಸೂರಿನ ಮಾತು ಬಂದರೆ ಕಿವಿಗೆ ಹೊಡೆಯುತ್ತದೆ. ಡಬ್ಬಿಂಗ್ ನೋಡಿದ್ದರೆ ಹಾಗೆಂದು ತಿಳಿಸಿ, ಕನ್ನಡ ಸಾಲನ್ನು ಮೂಲ ಲೇಖಕರ ಮಾತೆಂದು ಉದ್ಧರಿಸಬೇಡಿ.

ಬರೆದು ಹಾಕುವಾಗ

ಆರುನೂರರಿಂದ ಎಂಟುನೂರು ಪದ ಸಾಕು. ನಿಮ್ಮ ತೀರ್ಪು ಮೊದಲ ಪ್ಯಾರಾದಲ್ಲೇ ಇರಲಿ. ನಂತರ ಸರಣಿಯ ಆಧಾರ, ಆಮೇಲೆ ನೀವು ತೂಗಿದ ಎರಡು ಮೂರು ಬದಲಾವಣೆಗಳು, ಅಭಿನಯ ಮತ್ತು ಸಂಗೀತ, ಯಾರು ನೋಡಬಹುದು. ಕಥಾಸಾರ ಐದು ಸಾಲು ದಾಟದಿರಲಿ. ಯುದ್ಧದಲ್ಲಿ ಯಾರು ಗೆದ್ದರೆಂದು ಹೇಳಿದರೆ ಕುತೂಹಲ ಕೆಡುವುದಿಲ್ಲ, ಅದು ಶಾಲೆಯ ಪಾಠದಲ್ಲೇ ಇದೆ. ಕಲ್ಪಿತ ಪಾತ್ರಕ್ಕೆ ಏನಾಯಿತೆಂಬುದನ್ನು ಮಾತ್ರ ಮೊದಲೇ ಎಚ್ಚರಿಸದೆ ಬರೆಯಬೇಡಿ. ನಕ್ಷತ್ರ ಕೊಡುವುದಾದರೆ ನಾಟಕಕ್ಕೆ ಒಂದು, ಇತಿಹಾಸಕ್ಕೆ ಒಂದು ಎಂದು ಬೇರೆಬೇರೆ ಕೊಡಿ, ಇಲ್ಲವೇ ಬಿಟ್ಟುಬಿಡಿ.

"ನಮ್ಮವರಿಗೆ ಅವಮಾನವಾಗಿದೆ" ಎಂಬ ಪ್ರತಿಕ್ರಿಯೆ ಬಂದೇ ಬರುತ್ತದೆ. ಯಾವ ದೃಶ್ಯ, ಯಾವ ಮಾತು ಎಂದು ಕೇಳಿ. ಮನೆತನದಲ್ಲಿ ಹೇಳಿಕೊಂಡು ಬಂದ ಕಥೆಯಾದರೆ ಗೌರವದಿಂದ ಆಲಿಸಿ, ಸ್ಥಳೀಯ ನೆನಪು ಎಂದೇ ಗುರುತಿಸಿ, ದಾಖಲೆಯ ಪಕ್ಕದಲ್ಲಿಡಿ. ದಾಖಲೆ ತೋರಿಸಿ ನಿಮ್ಮ ಸಾಲು ತಪ್ಪೆಂದು ತಿಳಿಸಿದರೆ ಸದ್ದಿಲ್ಲದೆ ಅಳಿಸಬೇಡಿ. ಹಳೆಯ ಸಾಲಿನಲ್ಲಿ ಏನಿತ್ತು, ಈಗ ಏನಾಯಿತು ಎಂಬುದನ್ನು ದಿನಾಂಕದೊಡನೆ ಬರಹದ ಕೆಳಗೆ ಸೇರಿಸಿ.