ಅರಬರ ಕಾಫಿ ಗಹ್ವಾ ಸಾಕು ಅನ್ನುವುದು ಹೇಗೆ: ಯುಎಇಗೆ ಹೊಸದಾಗಿ ಬಂದವರಿಗೆ

ನಾನು ಸಕಲೇಶಪುರದ ಕಡೆಯವನು. ಮನೆ ಸುತ್ತ ಕಾಫಿ ಗಿಡ ನೋಡಿಕೊಂಡೇ ಬೆಳೆದವನು. ಹಾಗಾಗಿ ಕಾಫಿ ವಿಷಯದಲ್ಲಿ ನನಗೆ ಸ್ವಲ್ಪ ಕೊಬ್ಬು ಜಾಸ್ತಿ. ಅಬುಧಾಬಿಗೆ ಬಂದ ಮೊದಲ ವರ್ಷವೇ ಅದು ಇಳಿಯಿತು.

ಆ ವರ್ಷ ಈದ್ ಹಬ್ಬಕ್ಕೆ ಆಫೀಸಿನ ಹಿರಿಯರೊಬ್ಬರು ಮನೆಗೆ ಕರೆದಿದ್ದರು. ಮಜ್ಲಿಸ್ ಅಂದರೆ ನಮ್ಮ ಹಳೇ ಮನೆಗಳ ಜಗಲಿ ಇದ್ದ ಹಾಗೆ, ಬಂದವರನ್ನು ಕೂರಿಸಿ ಮಾತಾಡಿಸುವ ಜಾಗ. ಕೂತ ಕೂಡಲೇ ಒಬ್ಬರು ಕೊಕ್ಕಿನ ಹಾಗೆ ಬಾಗಿದ ಮೂತಿಯ ಹಿತ್ತಾಳೆ ಹೂಜಿ ಹಿಡಿದು ಬಂದರು. ಹಿಡಿ ಇಲ್ಲದ ಪುಟಾಣಿ ಕಪ್ಪಿಗೆ ಕಾಲು ಭಾಗದಷ್ಟು ಏನೋ ಸುರಿದು ಕೊಟ್ಟರು. ನೋಡಿದರೆ ಅರಿಶಿನ ನೀರಿನ ಬಣ್ಣ. ಹಾಲಿಲ್ಲ, ಸಕ್ಕರೆ ಇಲ್ಲ. ಬಾಯಿಗೆ ಹಾಕಿದರೆ ಕಾಫಿಗಿಂತ ಏಲಕ್ಕಿಯೇ ಮುಂದೆ. ನೆಗಡಿ ಆದಾಗ ಅಜ್ಜಿ ಮಾಡಿಕೊಡುತ್ತಿದ್ದ ಕಷಾಯ ನೆನಪಾಯಿತು. ಬೇಗ ಮುಗಿಸಿಬಿಡೋಣ ಅಂತ ಒಂದೇ ಗುಟುಕಿಗೆ ಕುಡಿದು ಕಪ್ ವಾಪಸ್ ಚಾಚಿದೆ. ಅವರು ಮತ್ತೆ ಸುರಿದರು. ಮತ್ತೆ ಕುಡಿದೆ, ಮತ್ತೆ ಸುರಿದರು. ನಗುನಗುತ್ತಾ ತಲೆ ಅಲ್ಲಾಡಿಸಿದೆ. ನಮ್ಮ ತಲೆ ಅಲ್ಲಾಡಿಸುವಿಕೆ ಗೊತ್ತಲ್ಲ, ಹೌದೋ ಅಲ್ಲವೋ ನಮಗೇ ಗೊತ್ತಾಗುವುದಿಲ್ಲ. ಹೀಗೆ ಐದು ಕಪ್ ಆಯಿತು.

ವಾಪಸ್ ಬರುವಾಗ ಕಾಸರಗೋಡಿನ ಡ್ರೈವರ್ ವಿಷಯ ಕೇಳಿ ಸ್ಟೀರಿಂಗ್ ತಟ್ಟಿ ನಕ್ಕರು. "ಕಪ್ ಅಲ್ಲಾಡಿಸ್ಬೇಕಿತ್ತು ಸಾರ್, ತಲೆ ಅಲ್ಲ. ಇಲ್ಲಾಂದ್ರೆ ಅವ್ರು ಹಾಕ್ತಾನೇ ಇರ್ತಾರೆ."

ಈ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ರಾತ್ರಿ ಮೂರು ಗಂಟೆಯವರೆಗೆ ನಾನು ಚಾವಣಿ ನೋಡುತ್ತಾ ಮಲಗುತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಕಾಫಿಯ ಹೆಸರು ಗಹ್ವಾ. ಹೂಜಿಗೆ ದಲ್ಲಾ ಅನ್ನುತ್ತಾರೆ, ಕಪ್ಪಿಗೆ ಫಿಂಜಾನ್. ನಿಮ್ಮ ಜೇಬಿನಲ್ಲಿರುವ ಒಂದು ದಿರ್ಹಮ್ ನಾಣ್ಯ ತೆಗೆದು ನೋಡಿ, ಅದರ ಮೇಲಿರುವುದು ಇದೇ ದಲ್ಲಾ. 2015ರಲ್ಲಿ ಯುಎಇ, ಸೌದಿ, ಒಮಾನ್, ಕತಾರ್ ನಾಲ್ಕೂ ದೇಶಗಳು ಸೇರಿ ಈ ಕಾಫಿ ಸತ್ಕಾರವನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿದವು. ಬೀಜವನ್ನು ನಮ್ಮ ಹಾಗೆ ಕಪ್ಪಗೆ ಹುರಿಯುವುದಿಲ್ಲ, ತುಂಬಾ ಎಳೆಯದಾಗಿ ಹುರಿಯುತ್ತಾರೆ. ಅದಕ್ಕೇ ಆ ಹಳದಿ ಬಣ್ಣ. ಏಲಕ್ಕಿ ಇದ್ದೇ ಇರುತ್ತದೆ, ಕೆಲವು ಮನೆಗಳಲ್ಲಿ ಕೇಸರಿ, ಲವಂಗವೂ ಉಂಟು. ಇನ್ನು ನನ್ನ ಕೊಬ್ಬಿನ ವಿಷಯ. ಬಾಬಾ ಬುಡನ್ 17ನೇ ಶತಮಾನದಲ್ಲಿ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರಲ್ಲ, ಆ ಬೀಜ ಬಂದದ್ದು ಯೆಮನ್ ದೇಶದ ಮೋಖಾದಿಂದ. ನಮ್ಮ ಕಾಫಿಯ ತವರುಮನೆ ಇದೇ ಸೀಮೆ. ತವರಿಗೆ ಬಂದು ಕಾಫಿ ಚೆನ್ನಾಗಿಲ್ಲ ಅಂದರೆ ಹೇಗೆ!

ಮೊದಲನೇ ಫಿಂಜಾನ್ ಬೇಡ ಅನ್ನಬೇಡಿ. ಅದು ಪಾನೀಯ ಅಲ್ಲ, "ಬಂದಿರಾ, ಬನ್ನಿ" ಅನ್ನುವ ಮಾತು. ನಮ್ಮ ಮಲೆನಾಡಿನ ಮನೆಗಳಲ್ಲಿ ಬಂದವರ ಮುಂದೆ ಬೆಲ್ಲ, ನೀರು ಇಡುವುದಿಲ್ಲವೇ? ಬೆಲ್ಲ ಇಷ್ಟ ಇಲ್ಲದವರೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ. ಇದೂ ಹಾಗೇ.

ಬಲಗೈಯಲ್ಲೇ ತೆಗೆದುಕೊಳ್ಳಿ. ಕೊಡುವವರು ದಲ್ಲಾವನ್ನು ಎಡಗೈಯಲ್ಲಿ ಹಿಡಿದಿರುವುದು ಬಲಗೈಯಿಂದ ನಿಮಗೆ ಕಪ್ ಕೊಡಲಿಕ್ಕೆಂದೇ. ಪಕ್ಕದಲ್ಲಿ ಖರ್ಜೂರ ಇರುತ್ತದೆ. ರುಚಿ ಹಿಡಿಸದವರಿಗೆ ಅದೇ ಆಪದ್ಬಾಂಧವ. ಮೊದಲು ಖರ್ಜೂರ ಕಚ್ಚಿ, ಆ ಸಿಹಿ ಬಾಯಲ್ಲಿ ಇರುವಾಗಲೇ ಒಂದು ಗುಟುಕು ಎಳೆಯಿರಿ. ಕಹಿ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಬರೀ ಖರ್ಜೂರ, ಬರೀ ಗಹ್ವಾ ಎರಡೂ ನನಗೆ ಸೇರುತ್ತಿರಲಿಲ್ಲ. ಒಟ್ಟಿಗೆ ಸೇರಿದವು.

ಕುಡಿದಾದ ಮೇಲೆ ಫಿಂಜಾನನ್ನು ಬೆರಳ ತುದಿಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಎರಡು ಮೂರು ಸಲ ಮೆಲ್ಲಗೆ ಅಲ್ಲಾಡಿಸಿ ವಾಪಸ್ ಕೊಡಿ. ಸಾಕು ಅಂತ ಅರ್ಥ. ಬೇಡ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ, "ಶುಕ್ರನ್" (ಧನ್ಯವಾದ) ಅಂದರೆ ಆಯಿತು. ನಮಗೆ ಇದು ಹೊಸದೇನಲ್ಲ. ಮದುವೆ ಊಟದಲ್ಲಿ ಮೂರನೇ ಹೋಳಿಗೆ ಹಿಡಿದು ಬಡಿಸುವವರು ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗುತ್ತೇವಲ್ಲ, ಅದರ ಅಣ್ಣತಮ್ಮ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ತುಪ್ಪ ಬೀಳುತ್ತದೆ. ಇಲ್ಲಿ ಕಪ್ ಅಲ್ಲಾಡಿಸಿದರೆ ಅಲ್ಲಿಗೇ ನಿಲ್ಲಿಸುತ್ತಾರೆ.

ಎಷ್ಟು ಕಪ್ ಕುಡಿಯಬೇಕು ಅಂತ ಕೇಳುತ್ತಾರೆ. ಒಂದು ಸಾಕು. ಮೂರು ದಾಟಬೇಡಿ. ಹಿಂದಿನವರು ಮೊದಲನೆಯದು ಅತಿಥಿಗೆ, ಎರಡನೆಯದು ಖುಷಿಗೆ, ಮೂರನೆಯದು ಕತ್ತಿಗೆ ಅನ್ನುತ್ತಿದ್ದರು. ಮೂರನೆಯದನ್ನು ಕುಡಿದವನು ಕಷ್ಟ ಬಂದಾಗ ಆ ಮನೆಯ ಪರವಾಗಿ ಕತ್ತಿ ಹಿಡಿಯಬೇಕು ಅಂತ. ನಾನು ಐದು ಕುಡಿದವನು, ಲೆಕ್ಕ ನೀವೇ ಹಾಕಿ.

ಒಂದು ತಪ್ಪು ಮಾತ್ರ ಮಾಡಬೇಡಿ. ಇಷ್ಟ ಆಗಲಿಲ್ಲ ಅಂತ ಸುರಿದು ಕೊಟ್ಟ ಫಿಂಜಾನನ್ನು ಕುಡಿಯದೆ ಕೆಳಗೆ ಇಟ್ಟುಬಿಡಬೇಡಿ. ಮರುಭೂಮಿಯ ಅಲೆಮಾರಿ ಅರಬರಾದ ಬೆದೂಯಿನರ ಹಳೇ ಪದ್ಧತಿಯಲ್ಲಿ ಅದಕ್ಕೆ ಬೇರೆಯೇ ಅರ್ಥ ಇದೆ. ಬಂದವನಿಗೆ ಏನೋ ಕೇಳಿಕೊಳ್ಳುವುದಿದೆ, ಮನೆಯವನು ಆಗಲಿ ಅನ್ನುವವರೆಗೆ ಕುಡಿಯುವುದಿಲ್ಲ ಅಂತ. ಹೆಣ್ಣು ಕೇಳಲು ಹೋದವರೂ ಹೀಗೆ ಮಾಡುತ್ತಿದ್ದರಂತೆ. ದುಬೈ ಆಫೀಸುಗಳಲ್ಲಿ ಈಗಿನ ಹುಡುಗರು ಇದನ್ನೆಲ್ಲ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಮನೆಯ ಮಜ್ಲಿಸಿನಲ್ಲಿ ಹಿರಿಯರು ಕೂತಿದ್ದರೆ ಅವರ ಕಣ್ಣು ನಿಮ್ಮ ಕಪ್ಪಿನ ಮೇಲೆ ಇದ್ದೇ ಇರುತ್ತದೆ. ನನ್ನ ಪರಿಚಯದ ಹುಡುಗನೊಬ್ಬ ಹೀಗೆ ಇಟ್ಟಾಗ ಮನೆಯ ಯಜಮಾನರು ತುಂಬಾ ಗಂಭೀರವಾಗಿ "ನಿನಗೇನು ಬೇಕು ಮಗ, ಹೇಳು" ಅಂದರಂತೆ. ಪಾಪ, ಅವನಿಗೆ ಬೇಕಿದ್ದದ್ದು ಒಂದು ಲೋಟ ನೀರು.

ಏಕಾದಶಿ ಉಪವಾಸ, ಅಸಿಡಿಟಿ, ಬಸಿರು, ಹೀಗೆ ನಿಜವಾದ ಕಾರಣ ಇದ್ದರೆ ಕಪ್ಪಿಗೆ ಸುರಿಯುವ ಮೊದಲೇ ಬಲಗೈ ಎದೆಯ ಮೇಲಿಟ್ಟು ಸ್ವಲ್ಪ ಬಾಗಿ "ಶುಕ್ರನ್" ಅನ್ನಿ. ಉಪವಾಸ ಅಂದರಂತೂ ಇಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಸುರಿದ ಮೇಲೆ ಬೇಡ ಅನ್ನುವುದು ಕಷ್ಟ.

ಉಳಿದ ಪಾನೀಯಗಳಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. ಕರಕ್ ಚಹಾ ಅಂದರೆ ನಮ್ಮ ಖಡಕ್ ಚಹಾವೇ, ಹೆಸರೂ ಅಲ್ಲಿಂದಲೇ ಬಂದದ್ದು. ಸಕ್ಕರೆ ಮಾತ್ರ ವಿಪರೀತ, ಬೇಕಿದ್ದರೆ ಮೊದಲೇ ಕಡಿಮೆ ಹಾಕಿ ಅನ್ನಿ. ಲಬನ್ ಅಂದರೆ ಮಜ್ಜಿಗೆ, ಒಗ್ಗರಣೆ ಇಲ್ಲದ್ದು. ಕೆಲವರಿಗೆ ಅದರ ಹುಳಿ ಸೇರುವುದಿಲ್ಲ. ರಂಜಾನ್ ತಿಂಗಳ ಇಫ್ತಾರಿನಲ್ಲಿ ಕೆನ್ನೇರಳೆ ಬಣ್ಣದ ವಿಮ್ಟೋ ಬರುತ್ತದೆ. 1908ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಶರಬತ್ತು ಈಗ ಇಲ್ಲಿಯ ಹಬ್ಬದ ಪಾನೀಯ. ನನಗಂತೂ ಅದು ಕೆಮ್ಮಿನ ಔಷಧಿ. ತಮರ್ ಹಿಂದಿ ಕೊಟ್ಟರೆ ಹೆದರಬೇಡಿ, ಹುಣಸೆ ಪಾನಕ. ಆ ಹೆಸರಿನ ಅರ್ಥವೇ ಹಿಂದೂಸ್ತಾನದ ಖರ್ಜೂರ. ಗ್ಲಾಸಿನಲ್ಲಿ ಕೊಡುವ ಇಂಥವಕ್ಕೆಲ್ಲ ನನ್ನ ಉಪಾಯ ಒಂದೇ: ಎರಡು ಗುಟುಕು ಕುಡಿದು ಅರ್ಧ ತುಂಬಿದ ಗ್ಲಾಸನ್ನು ಮುಂದೆ ಇಟ್ಟುಕೊಂಡಿರಿ. ಖಾಲಿ ಗ್ಲಾಸಿಗೇ ಯಾವಾಗಲೂ ಅಪಾಯ.

ಹೆಣ್ಣುಮಕ್ಕಳು ಒಳಗಿನ ಮಜ್ಲಿಸಿನಲ್ಲಿ ಕೂರುತ್ತಾರೆ. ಅಲ್ಲಿ ಉಪಚಾರ ಇನ್ನೂ ಜಾಸ್ತಿ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಗಹ್ವಾ, ಹಣ್ಣು, ಚಹಾ, ಮತ್ತೆ ಗಹ್ವಾ. ಅವಳು ಕಾಯುವುದು ಧೂಪಕ್ಕೆ. ಊದ್ ಹೊಗೆಯ ಬಟ್ಟಲು ಬಂತು ಅಂದರೆ ಉಪಚಾರ ಮುಗಿಯಿತು, ಎದ್ದು ಹೊರಡಬಹುದು. ಊದ್ ಆದ ಮೇಲೆ ಕೂರುವುದಿಲ್ಲ ಅಂತ ಇಲ್ಲಿ ಗಾದೆಯೇ ಇದೆ. ನಮ್ಮಲ್ಲಿ ಅರಿಶಿನ ಕುಂಕುಮ, ತಾಂಬೂಲ ಕೊಟ್ಟ ಮೇಲೆ ಏಳುವ ಹಾಗೆ.

ಇನ್ನು ನಮ್ಮವರ ಪಾರ್ಟಿಗಳು. ನಿಜ ಹೇಳಬೇಕೆಂದರೆ ಅರಬರಿಗಿಂತ ನಮ್ಮವರ ಒತ್ತಾಯವೇ ತಡೆಯಲು ಕಷ್ಟ. "ಒಂದೇ ಒಂದು ಪೆಗ್ ಹಾಕಪ್ಪ, ಊರಿಗೆ ಯಾರು ಹೇಳ್ತಾರೆ" ಅನ್ನುವವರು ಪ್ರತಿ ವಾರಾಂತ್ಯ ಸಿಗುತ್ತಾರೆ. ಮಾತ್ರೆ ತಗೊಳ್ತಿದ್ದೀನಿ ಅಂತ ಸುಳ್ಳು ಹೇಳಬೇಡಿ, ಮುಂದಿನ ವಾರ ಯಾವ ಕಾಯಿಲೆ ಅಂತ ಕೇಳುತ್ತಾರೆ. ಕುಡಿತದ ಮೇಲೆ ಭಾಷಣವನ್ನೂ ಮಾಡಬೇಡಿ, ಸಂಜೆ ಕೆಡುತ್ತದೆ. ಕಾರಿನ ಕೀ ತೋರಿಸಿ. ಯುಎಇಯಲ್ಲಿ ಕುಡಿದು ಗಾಡಿ ಓಡಿಸುವುದಕ್ಕೆ ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ, ಒಂದು ತೊಟ್ಟೂ ಇರಬಾರದು. ಶಾರ್ಜಾದಲ್ಲಂತೂ ಮದ್ಯವೇ ನಿಷೇಧ. ನೀವೇ ಎಲ್ಲರನ್ನೂ ಮನೆಗೆ ಬಿಡುತ್ತೀರಿ ಅಂತ ಗೊತ್ತಾದರೆ ಒತ್ತಾಯ ತಾನಾಗಿ ನಿಲ್ಲುತ್ತದೆ, ಮರ್ಯಾದೆಯೂ ಹೆಚ್ಚುತ್ತದೆ. ಅಂದ ಹಾಗೆ ಸೂಪರ್ ಮಾರ್ಕೆಟ್ಟಿನಲ್ಲಿ ಕಾಣುವ ಬಾರ್ಬಿಕನ್ ಬಾಟಲಿ ಬಿಯರ್ ಅಲ್ಲ. ಬಾರ್ಲಿಯ ಪಾನೀಯ, ಅಮಲಿಲ್ಲದ್ದು. ಅದನ್ನು ಕೊಟ್ಟರೆ ಗಾಬರಿ ಬೇಡ.

ಕೊನೆಗೆ, ನಾವು ಕರೆದಾಗ ಏನು? ಒಮ್ಮೆ ಆಫೀಸಿನ ಎಮಿರಾತಿ ಗೆಳೆಯ ಮನೆಗೆ ಬಂದಿದ್ದ. ನನ್ನ ಹೆಂಡತಿ ಫಿಲ್ಟರ್ ಕಾಫಿಯನ್ನು ಲೋಟದ ಅಂಚಿನವರೆಗೆ, ನೊರೆ ತುಳುಕುವ ಹಾಗೆ ತುಂಬಿ ಕೊಟ್ಟಳು. ಅವನು ಒಂದು ಕ್ಷಣ ಲೋಟ ನೋಡಿದ, ನನ್ನ ಮುಖ ನೋಡಿದ. ಇವರಲ್ಲಿ ಕಪ್ ತುಂಬಿಸಿ ಕೊಟ್ಟರೆ ಬೇಗ ಕುಡಿದು ಹೊರಡು ಅಂತ ಅರ್ಥ. ನಮ್ಮಲ್ಲಿ ಅರ್ಧ ಕೊಟ್ಟರೆ ಅವಮಾನ. ವಿವರಿಸಿ ಹೇಳಿದ ಮೇಲೆ ಚೆನ್ನಾಗಿ ನಕ್ಕ. ಆಮೇಲಿಂದ ಇಲ್ಲಿಯವರು ಬಂದಾಗ ನಾವು ಅರ್ಧ ಲೋಟ ಮಾತ್ರ ಕೊಟ್ಟು, ಮತ್ತೆ ಮತ್ತೆ ಹಾಕುತ್ತೇವೆ. ಹೋದ ಚಳಿಗಾಲದಲ್ಲಿ ಊರಿಂದ ಬಂದಿದ್ದ ಅಮ್ಮ ಇದನ್ನು ನೋಡಿ, ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು: "ಏನೋ ಇದು, ಇಷ್ಟು ದೂರ ಬಂದು ದುಡಿದೂ ಹಾಲಿಗೆ ಗತಿ ಇಲ್ವೇನೋ ನಿಮಗೆ?"