ಟ್ರೇಲರ್ ಇಲ್ಲದೆ ಟ್ರ್ಯಾಕ್‌ಗೆ: ಕೋಲಾರದಿಂದ ಹೋಗಿ ಅದೇ ಗಾಡಿಯಲ್ಲಿ ವಾಪಸ್ ಬಂದೆ

ನನ್ನ ಫಿಯೆಟ್ ಕಾರು ಅಬಾರ್ತ್ ಪುಂಟೊವನ್ನು ಕೋಲಾರದಿಂದ ನಾನೇ ಓಡಿಸಿಕೊಂಡು ಹೋದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್‌ನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಓಡಿಸಿದೆ. ಅದೇ ರಾತ್ರಿ ಅದೇ ಗಾಡಿಯಲ್ಲಿ ಮನೆಗೆ ಬಂದೆ.

ಹೋಗುವ ಮುಂಚೆ ಇದನ್ನು ಯಾರೂ ನಂಬಲಿಲ್ಲ. "ಟ್ರೇಲರ್ ಮೇಲೆ ಹಾಕ್ಕೊಂಡು ಹೋಗಣ್ಣ, ಹೆಂಗಿದ್ರೂ ಬರೋವಾಗ ಎತ್ತಾಕ್ಕೊಂಡೇ ಬರ್ಬೇಕು" ಅಂದ ನಮ್ಮ ಗ್ಯಾರೇಜ್ ಮೇಸ್ತ್ರಿ. ಬೆಂಗಳೂರಿನ ಗೆಳೆಯನದು ಇನ್ನೊಂದು ರಾಗ: "ಮೊದಲು ರೀಮ್ಯಾಪ್ ಮಾಡಿಸು ಗುರು, 145 ಎಚ್‌ಪಿ ಇಟ್ಕೊಂಡು ಟ್ರ್ಯಾಕ್‌ನಲ್ಲಿ ಏನ್ ಮಾಡ್ತೀಯ?" ರೀಮ್ಯಾಪ್ ಅಂದರೆ ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾಯಿಸಿ ಪವರ್ ಹೆಚ್ಚಿಸೋದು. ನಾನು ಎಂಜಿನ್‌ಗೆ ಆಯಿಲ್ ಮತ್ತು ಫಿಲ್ಟರ್ ಬಿಟ್ಟು ಒಂದು ರೂಪಾಯಿಯನ್ನೂ ಹಾಕಲಿಲ್ಲ. ಇದ್ದ ದುಡ್ಡೆಲ್ಲ ಬ್ರೇಕ್‌ಗೆ.

ಗಾಡಿ 2016ರ ಮಾಡೆಲ್. 2023ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, 5.75 ಲಕ್ಷದ ಹತ್ತಿರ. ಆ ವರ್ಷ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆ ದುಡ್ಡು. ಮತ್ತೆ ಯಾವಾಗ ಬರುತ್ತೋ ಗೊತ್ತಿಲ್ಲದ ದುಡ್ಡು ಅದು. ಅದಕ್ಕೇ ಈ ಗಾಡಿ ಮೇಲೆ ನನಗೆ ಪ್ರೀತಿ ಜಾಸ್ತಿ.

ಬ್ರೇಕ್ ವಿಷಯ ತಲೆಗೆ ಹೋಗಿದ್ದು ನಂದಿ ಬೆಟ್ಟದಲ್ಲಿ. ಒಂದು ಭಾನುವಾರ ಇಳಿಯುವಾಗ ಮುಂದೆಲ್ಲ ಸಾಲು ಸಾಲು ಗಾಡಿ. ಬ್ರೇಕ್ ಮೇಲಿಂದ ಕಾಲು ತೆಗೆಯೋಕೇ ಆಗಲಿಲ್ಲ. ಕೆಳಗೆ ಬರುವಷ್ಟರಲ್ಲಿ ಪೆಡಲ್ ಸ್ಪಂಜಿನ ಹಾಗೆ ಒಳಕ್ಕೆ ಹೋಯಿತು. ಹಿಂದಿನ ಓನರ್ ಬ್ರೇಕ್ ಫ್ಲೂಯಿಡ್ ಬದಲಾಯಿಸಿ ಎಷ್ಟು ವರ್ಷ ಆಗಿತ್ತೋ. ಡಾಟ್ 4 ಅನ್ನೋ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕುದಿಯದೆ ಕಡಿಮೆ ಅಂದ್ರೂ 230 ಡಿಗ್ರಿ ತಡೆಯಬೇಕು. ನೀರು ಹೀರಿಕೊಂಡ ಮೇಲೆ ಅದು 155ರ ಆಸುಪಾಸಿಗೆ ಇಳಿಯುತ್ತೆ. ಬೆಟ್ಟ ಇಳಿಯೋದಕ್ಕೇ ಹೀಗಾದರೆ ಟ್ರ್ಯಾಕ್‌ನಲ್ಲಿ ಏನು ಗತಿ, ಅಲ್ವಾ?

ಇನ್ನೂ ಹೆಚ್ಚು ಬಿಸಿ ತಡೆಯುವ ಡಾಟ್ 5.1 ತರಿಸಿದೆ. ಒಂದು ಗ್ಯಾರೇಜ್‌ನಲ್ಲಿ 1,800 ಕೊಟ್ಟು ಹಾಕಿಸಿದೆ. ಲೈನಿನಲ್ಲಿ ಗಾಳಿ ಹಾಗೇ ಉಳಿಸಿ ಕಳಿಸಿದರು. ಪೆಡಲ್ ಮೊದಲಿಗಿಂತ ಕೆಟ್ಟದಾಯಿತು. ಆ ದುಡ್ಡು ಹೋದಂತೆಯೇ. ಕೊನೆಗೆ ಮನೆ ಅಂಗಳದಲ್ಲಿ ನಾನೇ ಕೂತೆ. ಹೆಂಡತಿ ಸೀಟಿನಲ್ಲಿ, ನಾನು ಚಕ್ರದ ಹತ್ತಿರ. "ಒತ್ತು... ಹಿಡ್ಕೋ... ಈಗ ಬಿಡು." ಗಾಳಿ ಬಿಡುವ ನಿಪ್ಪಲ್‌ಗೆ ಸಿಕ್ಕಿಸಿದ ಪೈಪಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಬಂದವು. ಎಡಗಡೆ ಹಿಂದಿನ ಚಕ್ರದಲ್ಲಂತೂ ಡಿಕಾಕ್ಷನ್ ಬಣ್ಣದ ಹಳೇ ಫ್ಲೂಯಿಡ್ ಇನ್ನೂ ಇತ್ತು. ಎರಡು ಗಂಟೆ ಹಿಡಿಯಿತು. ಆಮೇಲೆ ಪೆಡಲ್ ಕಲ್ಲಿನ ಹಾಗೆ ನಿಂತಿತು.

ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್‌ನಲ್ಲೂ ಒಂದು ಸಲ ಏಟು ತಿಂದೆ. ಅಗ್ಗ ಅಂತ 2,200ಕ್ಕೆ ತಂದಿದ್ದು ಎರಡೇ ವಾರಕ್ಕೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಎರಡನೇ ಸೆಟ್ 7,500 ಆಯಿತು. ಯಾವ ಕಾಂಪೌಂಡ್, ಅಂದರೆ ಯಾವ ಮಿಶ್ರಣದ ಪ್ಯಾಡ್ ಅಂತ ಹೇಳಲ್ಲ, ಹುಡುಕೋಕೆ ಮೂರು ತಿಂಗಳು ಪಟ್ಟ ಪಾಡು ನನ್ನದು. ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲಿ ಅಂತ ಖಾಲಿ ಲೇಔಟ್ ರಸ್ತೆಯಲ್ಲಿ ಸ್ಪೀಡನ್ನು 60ರಿಂದ 10ಕ್ಕೆ ಹನ್ನೆರಡು ಸಲ ಇಳಿಸಿದೆ, ಒಂದು ಸಲವೂ ಪೂರ್ತಿ ನಿಲ್ಲಿಸಲಿಲ್ಲ. ಆಮೇಲೆ ಬ್ರೇಕ್ ಮುಟ್ಟದೆ ಮನೆವರೆಗೆ ನಿಧಾನಕ್ಕೆ ಬಂದೆ. ಅಲೈನ್‌ಮೆಂಟ್‌ನಲ್ಲಿ ಮುಂದಿನ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎಷ್ಟು ಇಟ್ಟೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಮಧ್ಯೆ ಬ್ರೇಕ್‌ಗೆ ಗಾಳಿ ಹಾಯಿಸಿ ತಣ್ಣಗಿಡೋಕೆ ಒಂದು ಪ್ರಯೋಗ ಮಾಡಿದೆ. ಪಂಪ್‌ಸೆಟ್‌ಗೆ ಹಾಕುತ್ತೀವಲ್ಲ ಹಸಿರು ಸಕ್ಷನ್ ಪೈಪ್, ಎರಡಿಂಚಿನದು, ಶೆಡ್‌ನಲ್ಲಿ ತುಂಡು ಬಿದ್ದಿತ್ತು. ಅದನ್ನು ಬಂಪರ್ ಒಳಗಿಂದ ಬಲಗಡೆ ಡಿಸ್ಕ್‌ವರೆಗೆ ಎಳೆದು ಕಟ್ಟಿದೆ. ಎಡಗಡೆ ಬೇಕಂತಲೇ ಬಿಟ್ಟೆ. ಆಮೇಲೆ 1,400ರ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎರಡೂ ಕಡೆ ಅಳೆದೆ. ಪೈಪ್ ಇದ್ದ ಕಡೆ 30-40 ಡಿಗ್ರಿ ಕಡಿಮೆ! ಗಾಳಿ ಕೆಲಸ ಮಾಡುತ್ತೆ ಅನ್ನೋದು ಖಾತ್ರಿ ಆಯಿತು. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಉಜ್ಜಿ ಪೈಪ್ ತೂತಾಯಿತು. ಬೇರೆ ಥರ ಕಟ್ಟಿದೆ, ಹಂಪ್ ಮೇಲೆ ಕಿತ್ತುಬಂತು. ಟ್ರ್ಯಾಕ್‌ನಲ್ಲಿ ಅದು ಚಕ್ರಕ್ಕೆ ಸಿಕ್ಕರೆ ಕಷ್ಟ ಅಂತ ಬಿಚ್ಚಿಟ್ಟೆ. ಮುಂದಿನ ಸಲ ಅಲ್ಯೂಮಿನಿಯಂ ಬೆಂಡ್ ಹಾಕಿ ನೋಡಬೇಕು.

ಹಿಂದಿನ ದಿನವೇ ಹೊರಟೆ. ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ರಾಣಿಪೇಟೆ, ಒಟ್ಟು 230 ಕಿ.ಮೀ. ಇರಬಹುದು. ರಾತ್ರಿ ಶ್ರೀಪೆರಂಬುದೂರಿನಲ್ಲಿ ರೂಮ್. ಒಂದು ಮಾತು, ನಮ್ಮ ಮಾಮೂಲಿ ಕಾರ್ ಇನ್ಶೂರೆನ್ಸ್ ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆಲ್ಲ ಬರೋದಿಲ್ಲ. ಅಲ್ಲಿ ಏನೇ ಆದರೂ ನಮ್ಮ ಜೇಬಿನಿಂದಲೇ. ಅದನ್ನು ಮನೆಯಲ್ಲಿ ಹೇಳಿ, ಒಪ್ಪಿಸಿಯೇ ಹೋಗಿದ್ದೆ.

ಈ ಟ್ರ್ಯಾಕ್ ಶುರುವಾಗಿದ್ದು 1990ರಲ್ಲಿ. ಅದಕ್ಕೆ ಮುಂಚೆ ಶೋಳಾವರಂನ ಹಳೇ ಏರ್‌ಸ್ಟ್ರಿಪ್ ಮೇಲೆ ರೇಸ್ ನಡೆಯುತ್ತಿತ್ತು. ನಮ್ಮ ದೊಡ್ಡಪ್ಪ ಒಮ್ಮೆ ತರಕಾರಿ ಲಾರಿಯಲ್ಲಿ ಮದ್ರಾಸಿಗೆ ಹೋದಾಗ ಅಲ್ಲಿ ನಿಂತು ನೋಡಿದ್ದನ್ನು ಇವತ್ತಿಗೂ ಹೇಳುತ್ತಾರೆ. ಗಾಡಿ ನಿಲ್ಲಿಸುವ ಜಾಗವಾದ ಪಿಟ್‌ನಿಂದ ಆಚೆ ಬಂದು ಆ 3.7 ಕಿ.ಮೀ. ಟಾರಿನ ಮೇಲೆ ಚಕ್ರ ಇಟ್ಟಾಗ ನನಗೆ ಅವರೇ ನೆನಪಾದರು.

ಮೊದಲ ಸೆಷನ್‌ನಲ್ಲಿ ಎರಡು ತಪ್ಪು ಮಾಡಿದೆ. ಟೈರಿನಲ್ಲಿ ರಸ್ತೆಗೆ ಇಡುವ 33 ಪಿಎಸ್‌ಐ ಗಾಳಿ ಹಾಗೇ ಬಿಟ್ಟಿದ್ದೆ. ಒಂದೇ ಸಮನೆ ಆರು ಲ್ಯಾಪ್ ಹೊಡೆದೆ. ನಾಲ್ಕನೇ ಲ್ಯಾಪ್‌ಗೆ ಮುಂಭಾಗ ಜಾರೋಕೆ ಶುರು, ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೆ ಹೋಗುತ್ತಿತ್ತು. ಆರನೇದರಲ್ಲಿ ಬ್ರೇಕ್ ಪೆಡಲ್ ಉದ್ದ ಆಯಿತು, ಮೊದಲಿಗಿಂತ ಆಳಕ್ಕೆ ಒತ್ತಬೇಕಾಯಿತು. ಒಳಗೆ ಬಂದು ಗೇಜ್ ಹಿಡಿದರೆ 41! ಬಿಸಿ ಇದ್ದಾಗಲೇ 34ಕ್ಕೆ ಇಳಿಸಿದೆ. ಟೈರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆ ಎಲ್ಲಿಯವರೆಗೆ ಅಳಿಸಿದೆ ಅಂತ ನೋಡಿದರೆ ಗಾಳಿ ಸರಿ ಇದೆಯೋ ಇಲ್ಲವೋ ಟೈರೇ ಹೇಳುತ್ತೆ.

ಎರಡನೇ ಸೆಷನ್‌ನಿಂದ ನನ್ನ ಲೆಕ್ಕ ಇಷ್ಟೇ: ಒಂದು ಲ್ಯಾಪ್ ಟೈರ್ ಕಾಯಿಸೋಕೆ, ಮೂರು ಲ್ಯಾಪ್ ಜೋರು, ಒಂದು ಲ್ಯಾಪ್ ಬ್ರೇಕ್ ಮುಟ್ಟದೆ ನಿಧಾನ, ನೇರ ಪಿಟ್‌ಗೆ. ಎಷ್ಟೇ ಖುಷಿ ಬಂದರೂ ನಾಲ್ಕನೇ ಜೋರು ಲ್ಯಾಪ್ ಇಲ್ಲ. ಬಿಸಿ ಪ್ಯಾಡ್ ಡಿಸ್ಕ್‌ಗೆ ಅಂಟದಿರಲಿ ಅಂತ ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಲೇ ಇಲ್ಲ. ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಮರದ ತುಂಡು ಕೊಟ್ಟೆ. ಟರ್ಬೊ ಆರಲಿ ಅಂತ ಎರಡು ನಿಮಿಷ ಐಡಲ್, ಬಾನೆಟ್ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಪಿಟ್‌ನಲ್ಲಿದ್ದ ದೊಡ್ಡ ಗಾಡಿಯ ಚಕ್ರದಿಂದ ಹೊಗೆ ಬಂತು. ನನ್ನದರ ಹತ್ತು-ಹದಿನೈದು ಪಟ್ಟು ಬೆಲೆಯ ಗಾಡಿ ಇರಬೇಕು. ಅವರು ಅಲ್ಲಿಗೇ ನಿಲ್ಲಿಸಿದರು. ನಾನು ಐದು ಸೆಷನ್ ಪೂರ್ತಿ ಮಾಡಿದೆ, 26 ಲ್ಯಾಪ್. ಒಂದು ಲ್ಯಾಪ್‌ಗೆ ಬೆಳಿಗ್ಗೆ 2 ನಿಮಿಷ 33 ಸೆಕೆಂಡ್ ಇದ್ದದ್ದು ಸಂಜೆಗೆ 2 ನಿಮಿಷ 21ಕ್ಕೆ ಬಂತು. ಅದೇ ಎಂಜಿನ್, ಅದೇ 145. ನೂರು ಕಿ.ಮೀ. ಕೂಡ ಆಗಲಿಲ್ಲ, ಪೆಟ್ರೋಲ್ ಮಾತ್ರ 20 ಲೀಟರ್ ಮೇಲೆ ಕುಡಿಯಿತು.

ಸಂಜೆ ಟೈರ್ ಆರಿದ ಮೇಲೆ ಗಾಳಿ ಮತ್ತೆ 33ಕ್ಕೆ ತುಂಬಿಸಿದೆ, ಚಕ್ರದ ಬೋಲ್ಟ್ ಒಂದೊಂದೂ ನೋಡಿದೆ. ಹೊರಟು ರಾತ್ರಿ ಹತ್ತರ ಸುಮಾರಿಗೆ ಮುಳಬಾಗಿಲು, ಅಲ್ಲಿ ಬಿಸಿ ದೋಸೆ.

ಖರ್ಚು ಕೂಡಿದರೆ, ದಂಡವಾದದ್ದೂ ಸೇರಿ, ಎಂಟ್ರಿ ಫೀಸು, ಪೆಟ್ರೋಲ್, ಟೋಲ್, ರೂಮ್ ಎಲ್ಲ ಸೇರಿ 33-34 ಸಾವಿರ. ರೀಮ್ಯಾಪ್ ಒಂದಕ್ಕೇ 45 ಸಾವಿರ ಹೇಳಿದ್ದರು. ಮುಂದಿನ ಎರಡು ಟೈರಿನ ಅಂಚು ಸವೆದಿತ್ತು, ಹಿಂದಕ್ಕೆ ಹಾಕಿದ್ದೇನೆ. ಫ್ಲೂಯಿಡ್ ಮತ್ತೊಮ್ಮೆ ಬದಲಾಯಿಸಿದೆ. ಸೋಮವಾರ ಮೇಸ್ತ್ರಿ ಮುಂದೆಯೇ ಚಕ್ರ ಬಿಚ್ಚಿಸಿದೆ. ಅವನು ಪ್ಯಾಡ್ ಕೈಯಲ್ಲಿ ಹಿಡಿದು ವರ್ನಿಯರ್‌ನಲ್ಲಿ ಎರಡೆರಡು ಸಲ ಅಳೆದ. ಹಾಕುವಾಗ 11 ಮಿ.ಮೀ. ಇತ್ತು. ಇನ್ನೂ 8 ಉಳಿದಿತ್ತು.